ನಾಲ್ಕು ಜನ ಏನನ್ನುತ್ತಾರೆ? ಗುಂಪಿನ ಅಲಿಖಿತ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಮಾಜಿಕ ರೂಢಿ ಎಂದರೇನು? ಅಭ್ಯಾಸ, ಕಾನೂನು, ರೂಢಿ ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಚಳಿಗಾಳಿ ಬೀಸಿದರೆ ಎಲ್ಲರೂ ಕಿಟಕಿ ಮುಚ್ಚುತ್ತಾರೆ. ಅದು ರೂಢಿಯಲ್ಲ. ಪಕ್ಕದವರು ಮುಚ್ಚಲಿ ಬಿಡಲಿ, ನೀವಂತೂ ಮುಚ್ಚುತ್ತೀರಿ. ಕಾನೂನಾದರೆ ಅದನ್ನು ಬರೆದವರಿರುತ್ತಾರೆ, ಮುರಿದವರನ್ನು ಹಿಡಿಯುವವರೂ ಇರುತ್ತಾರೆ. ರೂಢಿಗೆ ಬರೆದವರೂ ಇಲ್ಲ, ಪೊಲೀಸರೂ ಇಲ್ಲ. ಅದು ನಿಂತಿರುವುದು ಎರಡು ನಂಬಿಕೆಗಳ ಮೇಲೆ: ಉಳಿದವರು ಹೀಗೆ ನಡೆದುಕೊಳ್ಳುತ್ತಾರೆ ಎಂಬುದು ಒಂದು, ನಾನೂ ಹೀಗೆಯೇ ನಡೆದುಕೊಳ್ಳಬೇಕೆಂದು ಅವರು ನಿರೀಕ್ಷಿಸುತ್ತಾರೆ ಎಂಬುದು ಇನ್ನೊಂದು. ತತ್ತ್ವಶಾಸ್ತ್ರಜ್ಞೆ ಕ್ರಿಸ್ಟಿನಾ ಬಿಕಿಯೇರಿ ರೂಢಿಯನ್ನು ವಿವರಿಸುವುದು ಹೆಚ್ಚುಕಡಿಮೆ ಹೀಗೆಯೇ. ಈ ಎರಡರಲ್ಲಿ ಒಂದು ಕಳಚಿಬಿದ್ದರೂ ರೂಢಿ ಸಡಿಲವಾಗುತ್ತದೆ.

ಲಿಫ್ಟಿನೊಳಗೆ ಎಲ್ಲರೂ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಾರೆ. ಹಾಗೆ ನಿಲ್ಲಿ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಒಮ್ಮೆ ಬಾಗಿಲಿಗೆ ಬೆನ್ನು ಹಾಕಿ ಜನರತ್ತ ತಿರುಗಿ ನಿಂತು ನೋಡಿ. ಯಾರೂ ಬೈಯುವುದಿಲ್ಲ. ಒಬ್ಬರು ಮೊಬೈಲ್ ತೆಗೆಯುತ್ತಾರೆ, ಇನ್ನೊಬ್ಬರು ನೆಲ ನೋಡುತ್ತಾರೆ, ಮತ್ತೊಬ್ಬರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ನಿಮ್ಮ ಕಿವಿಯೂ ಬಿಸಿಯಾಗುತ್ತದೆ. ಆ ಮುಜುಗರವೇ ಇಲ್ಲಿನ ಶಿಕ್ಷೆ. ಅದನ್ನು ಕೊಟ್ಟವರು ಅವರು ಮಾತ್ರವಲ್ಲ, ನಿಮಗೆ ನೀವೂ ಕೊಟ್ಟುಕೊಂಡಿರಿ.

ನಾನು ಯಾರ ಮಾತಿಗೂ ಬಗ್ಗುವ ಜಾಯಮಾನದವನಲ್ಲ. ಇದೆಲ್ಲ ನನಗೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಇದನ್ನು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ ಎಂಬುದೂ ಸಾಬೀತಾದ ಸಂಗತಿಯೇ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೆಸ್ಸಿಕಾ ನೋಲನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ನಿವಾಸಿಗಳನ್ನು ಮನೆಯಲ್ಲಿ ವಿದ್ಯುತ್ ಉಳಿಸಲು ಕಾರಣವೇನೆಂದು ಕೇಳಿದರು. ಪರಿಸರ, ಸಮಾಜದ ಹಿತ, ಹಣದ ಉಳಿತಾಯ ಎಂಬ ಉತ್ತರಗಳು ಮುಂದೆ ಬಂದವು. 'ಅಕ್ಕಪಕ್ಕದವರು ಉಳಿಸುತ್ತಾರೆ, ಅದಕ್ಕೆ' ಎಂಬ ಕಾರಣಕ್ಕೆ ಕಟ್ಟಕಡೆಯ ಸ್ಥಾನ ಸಿಕ್ಕಿತು. ಆದರೆ ಜನರ ನಡವಳಿಕೆಯೊಂದಿಗೆ ತಾಳೆ ನೋಡಿದಾಗ, ಅತ್ಯಂತ ಗಟ್ಟಿಯಾದ ನಂಟು ಇದ್ದದ್ದು ನೆರೆಹೊರೆಯವರು ಏನು ಮಾಡುತ್ತಾರೆ ಎಂಬ ಅವರ ಅಂದಾಜಿನ ಜೊತೆಗೇ.

ನಮ್ಮ ನಡವಳಿಕೆಗೆ ನಾವು ಕೊಡುವ ಕಾರಣ ಬೇರೆ, ನಮ್ಮನ್ನು ನಡೆಸಿದ ಕಾರಣ ಬೇರೆ ಆಗಿರಬಹುದು. ಸುಳ್ಳು ಹೇಳುತ್ತೇವೆ ಎಂದಲ್ಲ; ರೂಢಿ ಒಳಗೊಳಗೇ ಕೆಲಸ ಮಾಡುವುದರಿಂದ ನಮ್ಮ ಅರಿವಿಗೆ ಬರುವುದಿಲ್ಲ.

ಯಾರೂ ಹೇಳಿಕೊಡದೆ ರೂಢಿ ಹುಟ್ಟುವುದಾದರೂ ಹೇಗೆ?

ಇದನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ಕಾಣುವಂತೆ ತೋರಿಸಿದವರು ಮುಜಫರ್ ಶೆರಿಫ್, 1935ರಲ್ಲಿ. ಕಗ್ಗತ್ತಲೆಯ ಕೋಣೆಯಲ್ಲಿ ಒಂದು ಬೆಳಕಿನ ಚುಕ್ಕೆಯನ್ನು ದಿಟ್ಟಿಸಿದರೆ ಅದು ಅಲುಗಾಡಿದಂತೆ ಕಾಣುತ್ತದೆ. ನಿಜಕ್ಕೂ ಅದು ಇದ್ದಲ್ಲೇ ಇರುತ್ತದೆ, ಭ್ರಮೆ ಕಣ್ಣಿನದು. ಚುಕ್ಕೆ ಎಷ್ಟು ದೂರ ಸರಿಯಿತೆಂದು ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರದು ಒಂದೊಂದು ಅಳತೆ. ಅವರನ್ನೇ ಎರಡು ಮೂರು ಮಂದಿಯ ಗುಂಪಿನಲ್ಲಿ ಕೂರಿಸಿ ಗಟ್ಟಿಯಾಗಿ ಉತ್ತರ ಹೇಳಿಸಿದಾಗ, ಸುತ್ತಿನಿಂದ ಸುತ್ತಿಗೆ ಅಂತರ ಕಡಿಮೆಯಾಗುತ್ತ ಹೋಗಿ ಗುಂಪಿಗೇ ಒಂದು ಅಳತೆ ನಿಂತಿತು. ಯಾರೂ ಚರ್ಚಿಸಿರಲಿಲ್ಲ, ಯಾರೂ ಒಪ್ಪಂದ ಮಾಡಿಕೊಂಡಿರಲಿಲ್ಲ. ಆಮೇಲೆ ಒಂಟಿಯಾಗಿ ಕೂರಿಸಿ ಕೇಳಿದಾಗಲೂ ಜನ ಗುಂಪಿನ ಅಳತೆಗೇ ಅಂಟಿಕೊಂಡರು.

1961ರಲ್ಲಿ ಜೇಕಬ್ಸ್ ಮತ್ತು ಕ್ಯಾಂಪ್‌ಬೆಲ್ ಇದನ್ನೇ ಮುಂದುವರಿಸಿದರು. ಪ್ರಯೋಗದ ಕಡೆಯವರನ್ನು ಕೂರಿಸಿ ವಿಪರೀತ ದೊಡ್ಡ ಅಳತೆಯನ್ನು ಹೇಳಿಸಿ, ಆಮೇಲೆ ಅವರನ್ನು ಒಬ್ಬೊಬ್ಬರಾಗಿ ಹೊರಕಳಿಸಿ ಹೊಸಬರನ್ನು ತಂದರು. ಮೊದಲು ಆ ಅಳತೆ ಹೇಳಿದವರಲ್ಲಿ ಒಬ್ಬರೂ ಕೋಣೆಯಲ್ಲಿ ಉಳಿಯದಿದ್ದರೂ, ಹೊಸಬರು ಹಳಬರಿಂದ ಕಲಿತು ಕೆಲವು 'ಪೀಳಿಗೆ'ಗಳ ತನಕ ಆ ಉಬ್ಬಿದ ಅಳತೆಯನ್ನೇ ಒಪ್ಪಿಸುತ್ತ ಹೋದರು. ನಿಧಾನಕ್ಕೆ ಅದು ಕರಗಿತು ನಿಜ. ಆದರೂ ಬುಡವೇ ಇಲ್ಲದ ಒಂದು ಮಾತು, ಹೇಳಿದವರು ಹೋದ ಮೇಲೂ ಬದುಕಿತ್ತು. 'ಇಲ್ಲಿ ಮೊದಲಿನಿಂದಲೂ ಹೀಗೇ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ಅದು ಭ್ರಮೆಯ ವಿಷಯವಾಯಿತು. ಕಣ್ಣಿಗೆ ನಿಚ್ಚಳವಾಗಿ ಕಾಣುವುದನ್ನೂ ಜನ ಬಿಟ್ಟುಕೊಡುತ್ತಾರೆಯೇ?

ಸಾಲಮನ್ ಆಶ್ ಅವರಿಗೂ ಇದೇ ಅನುಮಾನ. ಸತ್ಯ ಎದುರಿಗೇ ಇದ್ದರೆ ಜನ ಬಗ್ಗುವುದಿಲ್ಲ ಎಂಬುದು ಅವರ ಎಣಿಕೆಯಾಗಿತ್ತು. 1950ರ ದಶಕದ ಆರಂಭದಲ್ಲಿ ಅವರು ನಡೆಸಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಏಳೆಂಟು ಕಾಲೇಜು ಹುಡುಗರು ಸಾಲಾಗಿ ಕುಳಿತಿದ್ದಾರೆ. ಎದುರಿಗೆ ಎರಡು ರಟ್ಟು. ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದ ಎಂದು ಸರದಿಯಂತೆ ಗಟ್ಟಿಯಾಗಿ ಹೇಳಬೇಕು. ಮಗುವೂ ಹೇಳಬಹುದಾದ ಉತ್ತರ. ಮೊದಲ ಸುತ್ತು ಎಲ್ಲರದೂ ಒಂದೇ ಉತ್ತರ. ಎರಡನೆಯದೂ ಹಾಗೆಯೇ, ಬೇಸರ ಬರುವಷ್ಟು ಸಲೀಸು. ಮೂರನೆಯ ಸುತ್ತಿನಲ್ಲಿ ಮೊದಲ ಹುಡುಗ ತಪ್ಪು ಗೆರೆ ಹೇಳುತ್ತಾನೆ. ಎರಡನೆಯವನೂ ಅದನ್ನೇ ಹೇಳುತ್ತಾನೆ, ಮೂರನೆಯವನೂ. ಕೊನೆಯಿಂದ ಎರಡನೆಯ ಕುರ್ಚಿಯಲ್ಲಿ ಕುಳಿತವನಿಗೆ ಮಾತ್ರ ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕೂರಿಸಿದವರೆಂದು ಗೊತ್ತಿಲ್ಲ. ಅವನು ಗೆರೆಗಳನ್ನು ಮತ್ತೆ ನೋಡುತ್ತಾನೆ, ಪಕ್ಕದವರ ಮುಖ ನೋಡುತ್ತಾನೆ. ಸರದಿ ಅವನ ಬಳಿಗೆ ಬಂದಿದೆ.

ಹದಿನೆಂಟು ಸುತ್ತುಗಳಲ್ಲಿ ಹನ್ನೆರಡರಲ್ಲಿ ಗುಂಪು ಬೇಕೆಂದೇ ತಪ್ಪು ಹೇಳಿತು. ಒಬ್ಬರೇ ಕುಳಿತಾಗ ನೂರಕ್ಕೆ ಒಂದರಷ್ಟೂ ತಪ್ಪಾಗದ ಈ ಕೆಲಸದಲ್ಲಿ, ಅಂಥ ಸುತ್ತುಗಳ ಉತ್ತರಗಳಲ್ಲಿ ಶೇ. 36.8ರಷ್ಟು ಗುಂಪಿನ ತಪ್ಪಿನ ಕಡೆಗೆ ವಾಲಿದವು. ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಬಗ್ಗಿದರು.

ಈ ಅಂಕಿಯನ್ನು 'ಮನುಷ್ಯ ಕುರಿಮಂದೆ' ಎಂಬುದಕ್ಕೆ ಪುರಾವೆಯಾಗಿ ಉಲ್ಲೇಖಿಸುವವರೇ ಹೆಚ್ಚು. ಅದು ಅರೆಬರೆ ಓದು. ಶೇ. 36.8 ತಪ್ಪು ಎಂದರೆ ಶೇ. 63ಕ್ಕೂ ಹೆಚ್ಚು ಉತ್ತರಗಳು ಇಡೀ ಕೋಣೆಯನ್ನು ಎದುರು ಹಾಕಿಕೊಂಡು ಹೇಳಿದ ಸರಿಯುತ್ತರಗಳು ಎಂದಾಯಿತು. ಕಾಲು ಭಾಗ ಜನ ಒಮ್ಮೆಯೂ ಬಗ್ಗಲಿಲ್ಲ. ಆಶ್ ಸ್ವತಃ ಈ ಸ್ವಾತಂತ್ರ್ಯಕ್ಕೂ ಅಷ್ಟೇ ಬೆಲೆ ಕೊಟ್ಟಿದ್ದರು.

ಬಗ್ಗಿದವರು ಮನಸ್ಸಿನಿಂದ ನಂಬಿದ್ದರೇ, ಹೊರಗೆ ಮಾತ್ರ ಒಪ್ಪಿದರೇ?

ಎರಡೂ ಉಂಟು. ಆಮೇಲೆ ಮಾತನಾಡಿಸಿದಾಗ ಕೆಲವರು 'ಇಷ್ಟು ಜನ ಹೇಳುತ್ತಿದ್ದಾರೆ, ನನ್ನ ಕಣ್ಣೇ ಸರಿಯಿಲ್ಲವೇನೋ' ಎಂದುಕೊಂಡಿದ್ದರು. ಇನ್ನು ಕೆಲವರಿಗೆ ಗುಂಪು ತಪ್ಪೆಂದು ಚೆನ್ನಾಗಿ ಗೊತ್ತಿತ್ತು, ಎದ್ದು ಕಾಣಲು ಮನಸ್ಸಾಗಲಿಲ್ಲ. 1955ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಜನರಿಂದ ಮಾಹಿತಿ ಪಡೆಯಲು ಅವರ ಹಿಂದೆ ಹೋಗುವುದು ಒಂದು ಬಗೆ, ಜನರ ಒಪ್ಪಿಗೆ ಕಳೆದುಕೊಳ್ಳುವ ಭಯದಿಂದ ಹೋಗುವುದು ಇನ್ನೊಂದು ಬಗೆ. ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದು ಜನ ಹೋಗುವ ಕಡೆಗೇ ನಡೆಯುವುದು ಮೊದಲನೆಯದು, ಅದು ಜಾಣತನವೂ ಹೌದು. ನಗು ಬಾರದಿದ್ದರೂ ಹತ್ತು ಜನರ ಜೊತೆ ನಗುವುದು ಎರಡನೆಯದು.

ಎರಡನ್ನೂ ಬೇರ್ಪಡಿಸುವ ಸುಲಭ ದಾರಿಯೊಂದಿದೆ. ಉತ್ತರವನ್ನು ಯಾರಿಗೂ ಕಾಣದಂತೆ ಚೀಟಿಯಲ್ಲಿ ಬರೆಯಲು ಹೇಳಿ. ಆಗ ಕಡಿಮೆಯಾದ ತಪ್ಪುಗಳೆಲ್ಲ ಭಯದ ಲೆಕ್ಕಕ್ಕೆ.

ಎಷ್ಟು ಜನ ಸೇರಿದರೆ ಒತ್ತಡ ಶುರುವಾಗುತ್ತದೆ?

ಆಶ್ ಪ್ರಯೋಗದಲ್ಲಿ ಎದುರಾಳಿ ಒಬ್ಬನೇ ಇದ್ದಾಗ ಯಾರೂ ಹೆಚ್ಚು ಕದಲಲಿಲ್ಲ. ಇಬ್ಬರಾದಾಗ ತಪ್ಪು ಶೇ. 13.6, ಮೂವರಾದಾಗ ಶೇ. 31.8. ಅಲ್ಲಿಂದ ಮುಂದೆ ಜನ ಹೆಚ್ಚಿದರೂ ಒತ್ತಡ ಹೇಳಿಕೊಳ್ಳುವಷ್ಟು ಏರಲಿಲ್ಲ. 'ನಾಲ್ಕು ಜನ ಏನನ್ನುತ್ತಾರೆ' ಎಂದು ನಾವು ಅಂಜುವ ಆ ನಾಲ್ಕು ಜನರ ಸಂಖ್ಯೆ ಪ್ರಯೋಗಾಲಯದ ಲೆಕ್ಕಕ್ಕೂ ಹತ್ತಿರದಲ್ಲಿದೆ.

ಇದಕ್ಕಿಂತ ಮಹತ್ವದ ಅಂಕಿ ಇನ್ನೊಂದಿದೆ. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೆ ಸಾಕು, ಬಗ್ಗುವಿಕೆ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಆ ಒಬ್ಬ ಸರಿಯಾಗಿರಬೇಕೆಂದೂ ಇಲ್ಲ. ಅವನು ಗುಂಪಿಗಿಂತ ಇನ್ನೂ ದೊಡ್ಡ ತಪ್ಪು ಹೇಳಿದಾಗಲೂ ಪರೀಕ್ಷೆಗೆ ಒಳಗಾದವರ ತಪ್ಪು ಶೇ. 9ಕ್ಕೆ ಕುಸಿಯಿತು. ಒತ್ತಡದ ಬಲವೆಲ್ಲ ಇರುವುದು ಒಮ್ಮತದಲ್ಲಿ. ಅದರಲ್ಲಿ ಒಂದು ಬಿರುಕು ಬಿಟ್ಟರೆ ಸಾಕು, ಉಳಿದವರು ಉಸಿರಾಡುತ್ತಾರೆ.

'ಎಲ್ಲರೂ ಮಾಡುತ್ತಾರೆ' ಮತ್ತು 'ಮಾಡಬೇಕು': ಇವೆರಡರಲ್ಲಿ ಯಾವುದಕ್ಕೆ ಶಕ್ತಿ ಹೆಚ್ಚು?

ಆ ಹೊತ್ತಿನಲ್ಲಿ ಯಾವುದರ ಮೇಲೆ ಗಮನವಿದೆಯೋ ಅದಕ್ಕೆ. ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನಗಳ ತಿರುಳು ಇದು. ಜನ ಏನು ಮಾಡುತ್ತಾರೆ ಎಂಬುದು ಒಂದು ಬಗೆಯ ರೂಢಿ, ಜನ ಏನನ್ನು ಮೆಚ್ಚುತ್ತಾರೆ ಎಂಬುದು ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಎಳೆದರೆ ತೊಂದರೆಯಿಲ್ಲ. ಬೇರೆ ಬೇರೆ ದಿಕ್ಕಿಗೆ ಎಳೆದಾಗ ಒಳ್ಳೆಯ ಉದ್ದೇಶದ ಪ್ರಚಾರವೂ ತಿರುಗುಬಾಣವಾಗುತ್ತದೆ.

ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಮಾರ್ಪಟ್ಟ ಪುರಾತನ ಮರಗಳ ರಾಷ್ಟ್ರೀಯ ಉದ್ಯಾನವೊಂದಿದೆ. ಬಂದವರು ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುವುದು ಅಲ್ಲಿನ ಹಳೆಯ ಸಮಸ್ಯೆ. ಚಾಲ್ಡಿನಿ ತಂಡ ದಾರಿಯುದ್ದಕ್ಕೂ ಗುರುತು ಮಾಡಿದ ಚೂರುಗಳನ್ನಿಟ್ಟು ಎರಡು ಬಗೆಯ ಫಲಕಗಳನ್ನು ಪರೀಕ್ಷಿಸಿತು. 'ದಯವಿಟ್ಟು ತೆಗೆದುಕೊಂಡು ಹೋಗಬೇಡಿ' ಎಂಬ ಫಲಕವಿದ್ದಾಗ ಶೇ. 1.67ರಷ್ಟು ಚೂರುಗಳು ಕಳುವಾದವು. 'ಹಿಂದೆ ಬಂದ ಬಹಳಷ್ಟು ಜನ ತೆಗೆದುಕೊಂಡು ಹೋಗಿ ಕಾಡಿನ ಸ್ವರೂಪವೇ ಹಾಳಾಗಿದೆ' ಎಂದು ನೊಂದುಕೊಂಡ ಫಲಕವಿದ್ದಾಗ ಶೇ. 7.92. ಕಳ್ಳತನವನ್ನು ಖಂಡಿಸಲು ಬರೆದ ವಾಕ್ಯ, ಕಳ್ಳತನ ಇಲ್ಲಿ ಮಾಮೂಲು ಎಂಬ ಸುದ್ದಿಯನ್ನೇ ಹೊತ್ತುಕೊಂಡು ಹೋಯಿತು.

'ಎಲ್ಲರೂ ತೆರಿಗೆ ತಪ್ಪಿಸುತ್ತಾರೆ', 'ಪರೀಕ್ಷೆಯಲ್ಲಿ ನಕಲು ಎಲ್ಲೆಡೆ ಹಬ್ಬಿದೆ', 'ಮತ ಹಾಕಲು ಯಾರೂ ಬರುವುದಿಲ್ಲ' ಎಂದು ಕಳಕಳಿಯಿಂದಲೇ ಬರೆಯುವವರು ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಹಾಗಾದರೆ ಜನರಿಗೆ ಸರಾಸರಿ ಎಷ್ಟೆಂದು ತಿಳಿಸಿದರೆ ಸಾಕಲ್ಲವೇ?

ಸಾಲದು. ಸರಾಸರಿ ಎರಡೂ ಕಡೆಯಿಂದ ಎಳೆಯುತ್ತದೆ. 2007ರಲ್ಲಿ ವೆಸ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನ ಮನೆಗಳಿಗೆ ಅವರ ವಿದ್ಯುತ್ ಬಳಕೆಯನ್ನೂ ಬಡಾವಣೆಯ ಸರಾಸರಿಯನ್ನೂ ತಿಳಿಸಿದರು. ಹೆಚ್ಚು ಬಳಸುತ್ತಿದ್ದವರು ಇಳಿಸಿದರು. ಮೊದಲೇ ಕಡಿಮೆ ಬಳಸುತ್ತಿದ್ದವರು ಏರಿಸಿದರು! ಆ ಚೀಟಿಯ ಮೇಲೆ, ಕಡಿಮೆ ಬಳಸುವವರಿಗೆ ಒಂದು ನಗುಮುಖದ ಚಿತ್ರ ಬರೆದುಕೊಟ್ಟಾಗ ಮಾತ್ರ ಅವರು ಮೊದಲಿನ ಮಿತಿಯಲ್ಲೇ ಉಳಿದರು. ಮೆಚ್ಚುಗೆಯ ಒಂದು ಗೆರೆ ಸರಾಸರಿಯ ಸೆಳೆತವನ್ನು ತಡೆಯಿತು.

ಯಾರಿಗೂ ಇಷ್ಟವಿಲ್ಲದ ರೂಢಿ ಅಷ್ಟು ಕಾಲ ಹೇಗೆ ಉಳಿಯುತ್ತದೆ?

ಇಡೀ ವಿಷಯದ ಜೀವ ಇರುವುದು ಈ ಪ್ರಶ್ನೆಯಲ್ಲಿ.

ಒಂದು ತರಗತಿಯನ್ನು ಗಮನಿಸಿ. ಪಾಠ ಯಾರಿಗೂ ತಲೆಗೆ ಹತ್ತಿಲ್ಲ. 'ಏನಾದರೂ ಅನುಮಾನ ಇದೆಯೇ?' ಎಂದು ಮೇಷ್ಟರು ಕೇಳುತ್ತಾರೆ. ಪ್ರತಿ ವಿದ್ಯಾರ್ಥಿಯೂ ಕೈ ಎತ್ತುವ ಮೊದಲು ಸುತ್ತ ನೋಡುತ್ತಾನೆ. ಯಾರ ಕೈಯೂ ಮೇಲಿಲ್ಲ. 'ಎಲ್ಲರಿಗೂ ಅರ್ಥವಾಗಿದೆ, ದಡ್ಡ ನಾನೊಬ್ಬನೇ' ಎಂದುಕೊಂಡು ತಲೆಯಾಡಿಸುತ್ತಾನೆ. ಆ ತಲೆಯಾಡಿಸುವಿಕೆಯನ್ನು ನೋಡಿ ಪಕ್ಕದವನೂ ಅದೇ ತೀರ್ಮಾನಕ್ಕೆ ಬರುತ್ತಾನೆ. ತನ್ನ ಮೌನಕ್ಕೆ ಕಾರಣ ಭಯ ಎಂದು ಪ್ರತಿಯೊಬ್ಬನಿಗೂ ಗೊತ್ತು. ಉಳಿದವರ ಮೌನಕ್ಕೆ ಮಾತ್ರ ಕಾರಣ ತಿಳಿವಳಿಕೆ ಎಂದು ನಂಬುತ್ತಾನೆ. ಮೇಷ್ಟರು ಮುಂದಿನ ಪಾಠಕ್ಕೆ ಹೋಗುತ್ತಾರೆ.

ಫ್ಲಾಯ್ಡ್ ಆಲ್‌ಪೋರ್ಟ್ ಮತ್ತು ಡೇನಿಯಲ್ ಕಾಟ್ಸ್ 1931ರಷ್ಟು ಹಿಂದೆಯೇ ಇದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ಸಾಮೂಹಿಕ ತಪ್ಪುಗ್ರಹಿಕೆ ಎನ್ನಬಹುದು. 1993ರಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕುಡಿತದ ಬಗ್ಗೆ ವಿಚಾರಿಸಿದಾಗ, ವಿದ್ಯಾರ್ಥಿಗಳು ತಮಗಿರುವ ಇರಿಸುಮುರಿಸು ಉಳಿದವರಿಗಿಲ್ಲ ಎಂದುಕೊಂಡಿದ್ದರು. ಇನ್ನೂ ಬೇಸರದ ಸಂಗತಿಯೆಂದರೆ, ದಿನ ಕಳೆದಂತೆ ಹುಡುಗರ ಸ್ವಂತ ಅಭಿಪ್ರಾಯವೇ ಈ ತಪ್ಪು ಅಂದಾಜಿನತ್ತ ವಾಲತೊಡಗಿತು. ಇಲ್ಲದ ಬಹುಮತಕ್ಕೆ ಹೊಂದಿಕೊಳ್ಳುತ್ತ ಹೋಗಿ ಅದನ್ನು ನಿಜವಾಗಿಸುವುದು ಎಂದರೆ ಇದೇ.

ಈಚಿನ ಉದಾಹರಣೆ 2020ರಲ್ಲಿ ಪ್ರಕಟವಾದದ್ದು. ಲಿಯೊನಾರ್ಡೊ ಬರ್ಸ್‌ಟಿನ್ ಮತ್ತು ಸಂಗಡಿಗರು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಯುವ ವಿವಾಹಿತ ಪುರುಷರನ್ನು, ಮಹಿಳೆಯರು ಮನೆಯಿಂದ ಹೊರಗೆ ದುಡಿಯಬಹುದೇ ಎಂದು ಗುಟ್ಟಾಗಿ ಕೇಳಿದರು. ಬಹುಪಾಲು ಮಂದಿಯ ಉತ್ತರ ಹೌದು. ಆದರೆ ತಮ್ಮಂತೆಯೇ ಇರುವ ಉಳಿದ ಗಂಡಸರಲ್ಲಿ ಎಷ್ಟು ಜನ ಹೌದೆನ್ನುತ್ತಾರೆ ಎಂಬ ಅವರ ಅಂದಾಜು ವಾಸ್ತವಕ್ಕಿಂತ ಬಹಳ ಕಡಿಮೆಯಿತ್ತು. ಅರ್ಧದಷ್ಟು ಜನರಿಗೆ ನಿಜ ಅಂಕಿಯನ್ನು ತಿಳಿಸಲಾಯಿತು. ಹಾಗೆ ತಿಳಿದವರಲ್ಲಿ ಹೆಚ್ಚು ಮಂದಿ ಹೆಂಡತಿಯ ಹೆಸರನ್ನು ಉದ್ಯೋಗ ಹುಡುಕಿಕೊಡುವ ಸೇವೆಗೆ ನೋಂದಾಯಿಸಿದರು. ತಿಂಗಳುಗಳ ಬಳಿಕ ಅವರ ಹೆಂಡತಿಯರು ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗಿದ್ದೂ ಹೆಚ್ಚೇ. ಯಾರ ಮನಸ್ಸನ್ನೂ ಉಪದೇಶದಿಂದ ಬದಲಿಸಿರಲಿಲ್ಲ. ಪಕ್ಕದವರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಸಿದ್ದರು, ಅಷ್ಟೇ.

ರೂಢಿ ನಮ್ಮ ಅಭಿಪ್ರಾಯಗಳ ಮೊತ್ತವಲ್ಲ. ಪರಸ್ಪರರ ಅಭಿಪ್ರಾಯದ ಬಗ್ಗೆ ನಾವು ಮಾಡುವ ಊಹೆಗಳ ಮೊತ್ತ. ಊಹೆ ತಪ್ಪಿದ್ದರೆ ಇಡೀ ಗುಂಪು ತನಗೇ ಬೇಡದ ದಾರಿಯಲ್ಲಿ ವರ್ಷಗಟ್ಟಲೆ ನಡೆಯಬಲ್ಲದು.

ಅಪಾಯದಲ್ಲಿರುವವರನ್ನು ನೋಡಿಯೂ ಜನ ಸುಮ್ಮನೆ ನಿಲ್ಲುವುದು ಇದಕ್ಕೇ ಏನು?

ಒಂದು ಪಾಲು ಇದಕ್ಕೇ. 1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಒಂದು ಕೋಣೆಯಲ್ಲಿ ಜನರನ್ನು ಅರ್ಜಿ ತುಂಬಲು ಕೂರಿಸಿ, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದವರಲ್ಲಿ ಶೇ. 75 ಮಂದಿ ಹೊರಗೆ ಬಂದು ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಬರೆಯುತ್ತಲೇ ಕುಳಿತ ಇಬ್ಬರ ಜೊತೆ ಇದ್ದವರಲ್ಲಿ ತಿಳಿಸಿದವರು ಶೇ. 10 ಮಾತ್ರ. ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಅರ್ಜಿ ತುಂಬಿದರು. ಪಕ್ಕದವರ ಶಾಂತ ಮುಖ ಅವರಿಗೆ 'ಇದು ಬೆಂಕಿಯಲ್ಲ' ಎಂಬ ಉತ್ತರವಾಗಿ ಕಂಡಿತ್ತು.

ಆದರೆ ಇಲ್ಲಿ ಒಂದು ತಪ್ಪು ಕಥೆಯನ್ನು ತಿದ್ದಲೇಬೇಕು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾದಾಗ 38 ಮಂದಿ ನೋಡುತ್ತ ನಿಂತಿದ್ದರು ಎಂದು ಪತ್ರಿಕೆ ಬರೆಯಿತು, ಪಠ್ಯಪುಸ್ತಕಗಳು ಅದನ್ನೇ ಬರೆದುಕೊಂಡವು. ಅಷ್ಟು ಮಂದಿ ಇಡೀ ಘಟನೆಯನ್ನು ಕಂಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ತನ್ನ ವರದಿ ದೋಷಪೂರ್ಣವಾಗಿತ್ತೆಂದು 2016ರಲ್ಲಿ ಆ ಪತ್ರಿಕೆಯೇ ಹೇಳಿತು. ರಿಚರ್ಡ್ ಫಿಲ್ಪಾಟ್ ಮತ್ತು ಸಂಗಡಿಗರು ಬ್ರಿಟನ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾಗಳ ಬೀದಿ ಕ್ಯಾಮೆರಾಗಳಲ್ಲಿ ದಾಖಲಾದ 219 ಜಗಳಗಳನ್ನು ಪರಿಶೀಲಿಸಿದಾಗ, ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ನಡುವೆ ಬಂದು ಬಿಡಿಸಲು ನೋಡಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೂ ಒಬ್ಬರು ನೆರವಾಗುವ ಸಾಧ್ಯತೆಯೂ ಹೆಚ್ಚಿತ್ತು. ಏನು ನಡೆಯುತ್ತಿದೆಯೆಂದು ಸ್ಪಷ್ಟವಾಗಿದ್ದರೆ ಜನ ಮುಂದೆ ಬರುತ್ತಾರೆ. ಅಸ್ಪಷ್ಟತೆಯಲ್ಲಿ ಮಾತ್ರ ಒಬ್ಬರ ಮುಖವನ್ನು ಒಬ್ಬರು ನೋಡುತ್ತ ನಿಲ್ಲುತ್ತಾರೆ. ಹಾಗಾಗಿ ನೆರವು ಬೇಕಾದಾಗ ಬರಿದೇ ಕೂಗಬೇಡಿ. ಒಬ್ಬರತ್ತ ಬೆರಳು ಮಾಡಿ 'ನೀಲಿ ಅಂಗಿಯವರೇ, ಆಂಬುಲೆನ್ಸ್‌ಗೆ ಕರೆ ಮಾಡಿ' ಎನ್ನಿ.

ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದ ಬಗ್ಗೆ ಏನು ಹೇಳುತ್ತೀರಿ?

ಅದರ ಮೇಲೆ ಏನನ್ನೂ ಕಟ್ಟಬೇಡಿ ಎನ್ನುತ್ತೇನೆ. ಕಾಲೇಜು ಹುಡುಗರನ್ನೇ ಕೈದಿಗಳು, ಕಾವಲುಗಾರರು ಎಂದು ವಿಂಗಡಿಸಿ ನಕಲಿ ಜೈಲಿನಲ್ಲಿಟ್ಟ 1971ರ ಆ ಪ್ರಯೋಗದಲ್ಲಿ ಕಾವಲುಗಾರರು ತಾವಾಗಿಯೇ ಕ್ರೂರಿಗಳಾದರು ಎಂಬ ಕಥೆ ಜನಪ್ರಿಯ. ಹೇಗೆ ನಡೆದುಕೊಳ್ಳಬೇಕೆಂದು ಅವರಿಗೆ ಪ್ರಯೋಗ ನಡೆಸಿದವರೇ ಸೂಚನೆ ಕೊಟ್ಟಿದ್ದರೆಂದು ಹಳೆಯ ಧ್ವನಿಮುದ್ರಣಗಳಿಂದ ಹೊರಬಿದ್ದಿದೆ.

ತಪ್ಪು ಮಾಡಿದವರಿಗೆ ದಂಡ ಹಾಕಿದರೆ ರೂಢಿ ಗಟ್ಟಿಯಾಗುವುದಿಲ್ಲವೇ?

ಕೆಲವೊಮ್ಮೆ ಆಗುತ್ತದೆ. ಕೆಲವೊಮ್ಮೆ ದಂಡ ರೂಢಿಯ ಜಾಗವನ್ನೇ ಕಬಳಿಸುತ್ತದೆ. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಚಿನಿ ಇಸ್ರೇಲಿನ ಹೈಫಾದಲ್ಲಿ ಹತ್ತು ಶಿಶುವಿಹಾರಗಳನ್ನು ಗಮನಿಸಿ 2000ದಲ್ಲಿ ವರದಿ ಮಾಡಿದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಆರು ಕಡೆ ಸಣ್ಣ ದಂಡ ಹಾಕಲಾಯಿತು. ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಏರುತ್ತ ಸುಮಾರು ಇಮ್ಮಡಿಯಾಯಿತು. ಮೊದಲು ತಡವಾದರೆ ಕಾಯುತ್ತ ಕುಳಿತ ಶಿಕ್ಷಕಿಯ ಮುಖ ನೋಡಲು ಸಂಕೋಚವಾಗುತ್ತಿತ್ತು. ಈಗ ಹಣ ಕೊಟ್ಟಾಯಿತಲ್ಲ! ದಂಡ ತೆಗೆದುಹಾಕಿದ ಮೇಲೂ ಆ ಸಂಕೋಚ ಮರಳಲಿಲ್ಲ, ತಡ ಹಾಗೆಯೇ ಉಳಿಯಿತು. ಮುಜುಗರಕ್ಕೆ ಬೆಲೆ ಕಟ್ಟುವ ಮುನ್ನ ಆಡಳಿತಗಾರರು ಹತ್ತು ಸಲ ಯೋಚಿಸಬೇಕು.

ಮಕ್ಕಳು ಇದನ್ನೆಲ್ಲ ಯಾವ ವಯಸ್ಸಿನಲ್ಲಿ ಕಲಿಯುತ್ತಾರೆ?

ನಾವು ಅಂದುಕೊಳ್ಳುವುದಕ್ಕಿಂತ ಬಹಳ ಬೇಗ. 2008ರಲ್ಲಿ ಹಾನ್ನೆಸ್ ರಾಕೊಜಿ ಮತ್ತು ಸಂಗಡಿಗರು ಎರಡು, ಮೂರು ವರ್ಷದ ಮಕ್ಕಳಿಗೆ ಹೊಸದೊಂದು ಆಟ ತೋರಿಸಿದರು. ಆಮೇಲೆ ಒಂದು ಕೈಗೊಂಬೆ ಬಂದು ಅದೇ ಆಟವನ್ನು ಬೇರೆ ರೀತಿ ಆಡಿತು. ಮಕ್ಕಳು, ಅದರಲ್ಲೂ ಮೂರು ವರ್ಷದವರು, 'ಹಾಗಲ್ಲ!' ಎಂದು ಗೊಂಬೆಯನ್ನು ತಿದ್ದಲು ಹೊರಟರು. ತಮಗೇನೂ ನಷ್ಟವಾಗದಿದ್ದರೂ ನಿಯಮ ಕಾಪಾಡಬೇಕೆಂಬ ಹಟ ಆ ವಯಸ್ಸಿಗೇ ಬಂದಿರುತ್ತದೆ.

ಎಲ್ಲ ಸಮಾಜಗಳಲ್ಲಿಯೂ ಒತ್ತಡ ಒಂದೇ ತೆರನೇ?

ಇಲ್ಲ. ಆಶ್ ಮಾದರಿಯ 133 ಪ್ರಯೋಗಗಳನ್ನು 17 ದೇಶಗಳಿಂದ ಕಲೆಹಾಕಿ ರಾಡ್ ಬಾಂಡ್ ಮತ್ತು ಪೀಟರ್ ಸ್ಮಿತ್ 1996ರಲ್ಲಿ ಪರಿಶೀಲಿಸಿದಾಗ, ಕೂಡಿಬಾಳುವಿಕೆಗೆ ಹೆಚ್ಚು ಮಹತ್ವ ಕೊಡುವ ಸಮಾಜಗಳಲ್ಲಿ ಬಗ್ಗುವಿಕೆ ಹೆಚ್ಚಿತ್ತು. ಅಮೆರಿಕದಲ್ಲಿಯೇ 1950ರ ದಶಕದಿಂದೀಚೆಗೆ ಅದು ಕಡಿಮೆಯಾಗುತ್ತ ಬಂದಿತ್ತು. 2011ರಲ್ಲಿ ಮಿಶೆಲ್ ಗೆಲ್ಫಾಂಡ್ ಮತ್ತು ಸಂಗಡಿಗರು 33 ದೇಶಗಳನ್ನು ಹೋಲಿಸಿ, ಯುದ್ಧ, ಪ್ರಕೃತಿ ವಿಕೋಪ, ಜನದಟ್ಟಣೆಗಳನ್ನು ಹೆಚ್ಚು ಕಂಡ ನಾಡುಗಳಲ್ಲಿ ಕಟ್ಟುಪಾಡು ಬಿಗಿಯಾಗಿರುವುದನ್ನು ತೋರಿಸಿದರು. ಬಿಗಿ ಎಂದರೆ ಹಿಂದುಳಿದಿದೆ ಎಂದು ಓದಿಕೊಳ್ಳುವುದು ತಪ್ಪು. ಸಂಕಟ ಕಾಲದಲ್ಲಿ ಒಟ್ಟಾಗಿ ನಡೆಯಬೇಕಾದ ಅನಿವಾರ್ಯ ಅದರ ಬೆನ್ನಿಗಿದೆ.

ರೂಢಿಗಳೇ ಇಲ್ಲದಿದ್ದರೆ ನಾವು ಹೆಚ್ಚು ಸ್ವತಂತ್ರರಾಗಿರುತ್ತಿದ್ದೆವೇ?

ಖಂಡಿತ ಇಲ್ಲ. ಸರದಿ ಸಾಲಿನಲ್ಲಿ ನಿಂತ ಮುದುಕಿಯನ್ನು ಕಾಪಾಡುತ್ತಿರುವುದು ಕಾನೂನಲ್ಲ, 'ಸಾಲು ಮುರಿಯಬಾರದು' ಎಂಬ ರೂಢಿ. ಅದು ಹೋದ ದಿನ ಅಲ್ಲಿ ಗೆಲ್ಲುವುದು ತೋಳ್ಬಲ. ಕೆಲವು ರೂಢಿಗಳಂತೂ ಬರೀ ಹೊಂದಾಣಿಕೆಗಾಗಿ ಇವೆ. ರಸ್ತೆಯ ಎಡಕ್ಕೆ ಹೋಗುವುದು ಬಲಕ್ಕಿಂತ ಮೇಲೇನೂ ಅಲ್ಲ, ಎಲ್ಲರೂ ಒಂದೇ ಕಡೆ ಹೋಗುವುದು ಮುಖ್ಯ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶ ಒಂದೇ ದಿನದಲ್ಲಿ ಎಡದಿಂದ ಬಲಕ್ಕೆ ಬದಲಾಯಿತು. ಎಲ್ಲರೂ ಒಟ್ಟಿಗೆ ಬದಲಾಗುತ್ತಾರೆಂದು ಪ್ರತಿಯೊಬ್ಬರಿಗೂ ಖಾತ್ರಿಯಿದ್ದುದರಿಂದ ಅದು ಸಾಧ್ಯವಾಯಿತು.

ಕೆಟ್ಟ ರೂಢಿಯನ್ನು ಮುರಿಯುವುದು ಹೇಗೆ?

ಒಬ್ಬೊಬ್ಬರನ್ನೇ ಹಿಡಿದು ಬುದ್ಧಿ ಹೇಳುವುದರಿಂದ ಅಷ್ಟಾಗಿ ಆಗದು. ಚೀನಾದಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟಿ ಕುಗ್ಗಿಸುವ ಪದ್ಧತಿ ಶತಮಾನಗಳ ಕಾಲ ನಡೆಯಿತು. ಮಗಳು ನೋವಿನಿಂದ ಅಳುವುದು ತಾಯಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಆದರೆ ಒಂದು ಮನೆ ಮಾತ್ರ ಬಿಟ್ಟರೆ ಆ ಮನೆಯ ಹುಡುಗಿಗೆ ಗಂಡು ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿಕೊಂಡ ಸಂಘಗಳು ಈ ಗಂಟನ್ನು ಸರಿಯಾದ ಕಡೆ ಬಿಚ್ಚಿದವು. ಸದಸ್ಯರಾದವರು ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ ಎಂದು ಒಟ್ಟಾಗಿ ಪ್ರತಿಜ್ಞೆ ಮಾಡಿದರು. ಬಿಟ್ಟವರಿಗೆ ಬಿಟ್ಟವರೇ ಬೀಗರಾದರು. ಒಂದು ಪೀಳಿಗೆಯ ಆಸುಪಾಸಿನಲ್ಲಿ ಪದ್ಧತಿ ಕುಸಿಯಿತು. ಗೆರಿ ಮ್ಯಾಕಿ 1996ರಲ್ಲಿ ಈ ಇತಿಹಾಸವನ್ನು ವಿಶ್ಲೇಷಿಸಿ, ಆಫ್ರಿಕಾದ ಕೆಲವೆಡೆ ಹೆಣ್ಣುಮಕ್ಕಳ ಜನನಾಂಗ ಛೇದನವನ್ನೂ ಹೀಗೆಯೇ ಕೊನೆಗಾಣಿಸಬಹುದೆಂದು ವಾದಿಸಿದರು. ಮರುವರ್ಷವೇ ಸೆನೆಗಲ್‌ನ ಮಲಿಕುಂಡಾ ಬಂಬಾರಾ ಎಂಬ ಹಳ್ಳಿಯ ಮಹಿಳೆಯರು ಆ ಪದ್ಧತಿಯನ್ನು ಬಿಡುವುದಾಗಿ ಬಹಿರಂಗವಾಗಿ ಘೋಷಿಸಿದರು. 'ಬಹಿರಂಗವಾಗಿ' ಎಂಬಲ್ಲೇ ಅದರ ಬಲವಿದೆ. ಗುಟ್ಟಾಗಿ ಬಿಟ್ಟವರನ್ನು ನೋಡಿ ಯಾರೂ ಬಿಡುವುದಿಲ್ಲ.

ಮೊದಲು ಯಾರು ಬದಲಾಗುತ್ತಾರೆ ಎಂಬುದೂ ಮುಖ್ಯ. ಬೆಟ್ಸಿ ಲೆವಿ ಪಾಲಕ್ ಮತ್ತು ಸಂಗಡಿಗರು ಅಮೆರಿಕದ ನ್ಯೂಜರ್ಸಿಯ 56 ಶಾಲೆಗಳಲ್ಲಿ ಮಕ್ಕಳ ನಡುವಿನ ಕಿರುಕುಳದ ಬಗ್ಗೆ ಕೆಲಸ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಣ್ಣ ಸಣ್ಣ ಮಕ್ಕಳ ಗುಂಪುಗಳು ಬಹಿರಂಗವಾಗಿ ಕಿರುಕುಳದ ವಿರುದ್ಧ ನಿಂತ ಶಾಲೆಗಳಲ್ಲಿ ಜಗಳದ ದೂರುಗಳು ಶೇ. 30ರಷ್ಟು ಇಳಿದವು. ಎಲ್ಲರ ಕಣ್ಣು ಯಾರ ಮೇಲಿರುತ್ತದೋ ಅಂಥ ಮಕ್ಕಳು ಆ ಗುಂಪಿನಲ್ಲಿ ಹೆಚ್ಚಿದ್ದಷ್ಟೂ ಪರಿಣಾಮ ಹೆಚ್ಚು.

ಬದಲಾವಣೆಗೆ ಬಹುಮತವೇ ಬೇಕೇ?

ಬೇಡ. 1969ರಲ್ಲಿ ಸೆರ್ಜ್ ಮಾಸ್ಕೊವಿಚಿ ಆರು ಜನರ ಗುಂಪಿನಲ್ಲಿ ಇಬ್ಬರಿಂದ ನೀಲಿ ಬಣ್ಣವನ್ನು ಹಸಿರೆಂದು ಹೇಳಿಸಿದರು. ಅವರು ಪ್ರತಿ ಸಲವೂ ಬಿಡದೆ ಹಸಿರೆಂದಾಗ ಉಳಿದವರ ಉತ್ತರಗಳಲ್ಲಿ ಶೇ. 8.42 ಹಸಿರಿನತ್ತ ಸರಿದವು. ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳಿದಾಗ ಶೇ. 1.25 ಮಾತ್ರ. ಅಲ್ಪಸಂಖ್ಯೆಯವರ ಬಂಡವಾಳ ಹಟವೇ. 2018ರಲ್ಲಿ ಡೇಮನ್ ಸೆಂಟೋಲಾ ತಂಡದ ಪ್ರಯೋಗದಲ್ಲಿ, ಹೊಸ ಪದ್ಧತಿಗೆ ಬಿಡದೆ ಅಂಟಿಕೊಂಡವರು ಗುಂಪಿನ ಸುಮಾರು ಕಾಲು ಭಾಗ ತಲುಪಿದಾಗ ಇಡೀ ಗುಂಪು ಆ ಕಡೆಗೆ ವಾಲಿತು. ಪ್ರಯೋಗಾಲಯದ ಕಾಲು ಭಾಗವನ್ನು ಹೊರಜಗತ್ತಿಗೆ ಹಾಗೆಯೇ ಅನ್ವಯಿಸಲು ಬಾರದು. ಅರ್ಧ ದಾಟುವವರೆಗೆ ಕಾಯಬೇಕಿಲ್ಲ ಎಂಬಷ್ಟನ್ನು ಮಾತ್ರ ಅದರಿಂದ ಧೈರ್ಯವಾಗಿ ತೆಗೆದುಕೊಳ್ಳಬಹುದು.

'ಎಲ್ಲರೂ ಮಾಡಿದರು, ನಾನೂ ಮಾಡಿದೆ' ಎಂಬುದು ಒಪ್ಪತಕ್ಕ ಸಮರ್ಥನೆಯೇ?

ಅದು ವಿವರಣೆ, ಸಮರ್ಥನೆಯಲ್ಲ. ಆಶ್ ಕೋಣೆಯಲ್ಲಿ ಅದೇ ಕುರ್ಚಿಯಲ್ಲಿ ಕುಳಿತು, ಅದೇ ಒತ್ತಡ ಅನುಭವಿಸಿ, ಒಮ್ಮೆಯೂ ಬಗ್ಗದ ಕಾಲು ಭಾಗ ಜನರಿದ್ದರು. ಹಾಗೆಂದು ಬಗ್ಗಿದವರನ್ನು ಹೇಡಿಗಳೆಂದು ಹಳಿಯುವುದೂ ನನಗೆ ಒಪ್ಪಿಗೆಯಿಲ್ಲ. ಒಂಟಿಯಾಗಿ ನಿಲ್ಲುವ ಭಾರ ಸಣ್ಣದಲ್ಲ. ಜನರನ್ನು ವೀರರಾಗಿ ಎಂದು ಕೇಳುವುದಕ್ಕಿಂತ, ವೀರರಾಗದೆಯೂ ನಿಜ ಹೇಳಬಹುದಾದ ಏರ್ಪಾಡು ಮಾಡುವುದು ನ್ಯಾಯ.

ಅಂಥ ಏರ್ಪಾಡು ಎಂದರೆ ಯಾವುದು? ಸಭೆ, ತರಗತಿ, ತಂಡ ನಡೆಸುವವರು ಏನು ಮಾಡಬಹುದು?

ಚರ್ಚೆಗೆ ಮೊದಲೇ ಪ್ರತಿಯೊಬ್ಬರಿಂದ ಅಭಿಪ್ರಾಯವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿಕೊಂಡು, ಎಲ್ಲವನ್ನೂ ಗಟ್ಟಿಯಾಗಿ ಓದಿ. ಆಗ ಯಾರೂ ಯಾರ ಮುಖವನ್ನೂ ನೋಡಿ ಬರೆದಿರುವುದಿಲ್ಲ, ತನ್ನಂತೆಯೇ ಯೋಚಿಸುವವರು ಎಷ್ಟಿದ್ದಾರೆಂದು ಪ್ರತಿಯೊಬ್ಬರಿಗೂ ತಿಳಿಯುತ್ತದೆ. ಹಿರಿಯರು, ಅಧಿಕಾರದಲ್ಲಿರುವವರು ಕೊನೆಗೆ ಮಾತನಾಡಲಿ. ಅವರು ಮೊದಲು ಬಾಯಿ ತೆರೆದರೆ ಉಳಿದವರ ಉತ್ತರ ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ. 'ಏನಾದರೂ ಅನುಮಾನ ಇದೆಯೇ?' ಎಂದು ಕೇಳಬೇಡಿ, 'ಇದರಲ್ಲಿ ಯಾವ ಭಾಗ ಅರ್ಥವಾಗಲಿಲ್ಲ, ಬರೆದುಕೊಡಿ' ಎನ್ನಿ. ಒಬ್ಬರು ಭಿನ್ನ ಮಾತು ಹೇಳಿದಾಗ, ಅದು ತಪ್ಪೆಂದು ಕಂಡರೂ, ಪೂರ್ತಿ ಹೇಳಲು ಬಿಡಿ. ಆ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಕಾಯಿರಿ. ಎರಡನೆಯ ಕೈ ಮೇಲೇಳಲು ಅಷ್ಟು ಸಮಯ ಹಿಡಿಯುತ್ತದೆ.